ಏನೂ ಚೆಲ್ಲಿಲ್ಲ

ಸೋಮವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುತ್ತಿದ್ದಂತೆ ಮೂರು ಗೌನುಗಳು ಬಂದವು. ಒಂದು ಕಪ್ಪು ಮಖಮಲ್ಲಿನದು, ಒಂದು ಮೈತುಂಬ ಮಣಿ ಹೊಲಿದ ನೀಲಿಯದು, ಇನ್ನೊಂದು ದಂತದ ಬಣ್ಣದ ರೇಷ್ಮೆ ಸ್ಯಾಟಿನ್ನಿನದು. ಅವನ್ನು ಎರಡೂ ತೋಳುಗಳ ಮೇಲೆ ಮಲಗಿಸಿಕೊಂಡು, ಜಾರದ ಹಾಗೆ ಗಲ್ಲದಿಂದ ಒತ್ತಿ ಹಿಡಿದು ತಂದವಳು ಸೊಸೆ. ಹಿಂದೆ ಕೈಬೀಸಿಕೊಂಡು ಬಂದವರು ಅತ್ತೆ. ಸೊಸೆಯೇ ಮೊಣಕೈಯಿಂದ ಬಾಗಿಲು ತಳ್ಳಿ, ಅತ್ತೆ ಒಳಗೆ ಬರುವವರೆಗೂ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದಳು.

ಆ ಅತ್ತೆಯನ್ನು ನಾವು ಗೌನಮ್ಮ ಎಂದು ಕರೆಯುತ್ತಿದ್ದೆವು, ಅವರ ಬೆನ್ನ ಹಿಂದೆ. ಏಳು ವರ್ಷ ಅವರು ನಮ್ಮ ಕಡೆ ತಲೆ ಹಾಕಿರಲಿಲ್ಲ. ಬೇರೆ ಅಂಗಡಿಗೆ ಕೊಟ್ಟು ನೋಡಿದ್ದಾರೆ, ಅಲ್ಲಿ ಒಂದು ಗೌನಿನ ಮಣಿಗಳು ಅರ್ಧಕ್ಕರ್ಧ ಕರಗಿಹೋಗಿವೆ. ಗೌನಿಗೆ ಧೈರ್ಯವಾಗಿ ಕೈ ಹಾಕುವ ಡ್ರೈಕ್ಲೀನಿಂಗ್ ಅಂಗಡಿ ಸುತ್ತಮುತ್ತ ನಮ್ಮದೊಂದೇ. ಹಾಗಾಗಿ ಮುಖ ಊದಿಸಿಕೊಂಡೇ ಬಂದಿದ್ದರು.

ನಾನು ಹಿಂದಿನ ಕೋಣೆಯಲ್ಲಿ ಕಲೆ ತೆಗೆಯುವವಳು. ರಸಾಯನಶಾಸ್ತ್ರ ಓದಿ, ಕಾಲೇಜಿನಲ್ಲಿ ಕೆಲಸ ಸಿಗುವವರೆಗೆ ಎರಡು ತಿಂಗಳು ಇರೋಣ ಎಂದು ಬಂದವಳು ಮೂವತ್ತೊಂದು ವರ್ಷ ಇದ್ದುಬಿಟ್ಟೆ. ಬಾಟಲಿಗಳ ನಡುವೆ ಬಿಳಿ ಕೋಟು ಹಾಕಿಕೊಂಡು ಕೂತಿರುವುದರಿಂದ ಅಂಗಡಿಯವರಿಗೆಲ್ಲ ನಾನು ಡಾಕ್ಟ್ರಮ್ಮ. ನನ್ನ ಕೋಣೆಗೂ ಕೌಂಟರಿಗೂ ನಡುವೆ ಒಂದು ಪರದೆ ಮಾತ್ರ. ಮುಂದೆ ಆಡಿದ ಮಾತೆಲ್ಲ ಹಿಂದೆ ಕೇಳುತ್ತದೆ.

ಗೌನಮ್ಮ ಹಡಗಿನ ಪ್ರವಾಸಕ್ಕೆ ಹೊರಟಿದ್ದರು. ಹನ್ನೊಂದು ದಿನ, ಅದರಲ್ಲಿ ಮೂರು ಸಂಜೆ ದೊಡ್ಡ ಊಟ. ಆ ಊಟಕ್ಕೆ ಗೌನು ತೊಡದೆ ಬಂದವರನ್ನು ಬಾಗಿಲಲ್ಲೇ ತಡೆಯುತ್ತಾರಂತೆ. ಕೊನೆಯ ಸಂಜೆ ಕ್ಯಾಪ್ಟನ್ನನ ಮೇಜಿನಲ್ಲೇ ಇವರಿಗೆ ಜಾಗ. ದಂತದ ಬಣ್ಣದ್ದು ಅವತ್ತಿಗೆ. ಇದನ್ನೆಲ್ಲ ಯಜಮಾನರಿಗೆ ವಿವರಿಸಿ, ಸೊಸೆಯೂ ಬರುತ್ತಾಳೆ, ಅವಳಿಗೆ ನನ್ನದೇ ಹಳೆಯದೊಂದನ್ನು ಹಿಡಿಸಿ ಹೊಲಿಸಿಕೊಟ್ಟಿದ್ದೇನೆ, ಅವಳು ಎಲ್ಲಿ ಕೂತರೂ ಯಾರೂ ತಿರುಗಿ ನೋಡುವುದಿಲ್ಲ, ಸಾಕು ಅಷ್ಟು ಎಂದರು. ಸೊಸೆ ಜಿಪ್ಪುಗಳನ್ನು ಒಂದೊಂದಾಗಿ ಮೇಲಕ್ಕೆಳೆದು ಮುಚ್ಚುತ್ತಿದ್ದಳು. ತೆರೆದ ಜಿಪ್ಪಿನ ಹಲ್ಲು ಪಕ್ಕದ ಬಟ್ಟೆಯನ್ನು ಗೀರುತ್ತದೆ. ಅದನ್ನು ತಾನಾಗಿಯೇ ಯೋಚಿಸಿ ಮಾಡುವ ಗಿರಾಕಿಗಳು ವರ್ಷಕ್ಕೆ ಇಬ್ಬರು ಸಿಕ್ಕರೆ ಹೆಚ್ಚು.

ನಮ್ಮ ಚೀಟಿಯಲ್ಲಿ ಒಂದು ಪ್ರಶ್ನೆ ಅಚ್ಚಾಗಿದೆ: ಬಟ್ಟೆಯ ಮೇಲೆ ಏನಾದರೂ ಚೆಲ್ಲಿತ್ತೇ? ಮುಖ್ಯವಾಗಿ ಸಿಹಿ ಪಾನೀಯ? ಹೌದು ಎಂದರೆ ಆ ಬಟ್ಟೆ ಮೊದಲು ನನ್ನ ಮೇಜಿಗೆ ಬರುತ್ತದೆ. ಯಜಮಾನರು ಆ ಸಾಲನ್ನು ಗಟ್ಟಿಯಾಗಿ ಓದಿದರು. ಗೌನಮ್ಮನ ಉತ್ತರ ಪರದೆಯಾಚೆಗೂ ಸ್ಪಷ್ಟವಾಗಿ ಕೇಳಿತು.

"ಚೆಲ್ಲಾಡ್ಕೊಂಡು ತಿನ್ನೋಕೆ ನಾನೇನು ಮಗೂನಾ? ಏನೂ ಚೆಲ್ಲಿಲ್ಲ. ಬರ್ಕೊಳಿ."

ಬರೆದುಕೊಂಡು ಸಹಿ ಹಾಕಿಸಿಕೊಂಡರು. ಆಮೇಲೆ ಗೌನಮ್ಮ ತಮ್ಮ ಷರತ್ತು ಹೇಳಿದರು. ಕೊನೆಯ ಇಸ್ತ್ರಿ ತಮ್ಮ ಕಣ್ಣೆದುರಿಗೇ ಆಗಬೇಕು, ಸೂಟ್‌ಕೇಸನ್ನೂ ಇಲ್ಲಿಗೇ ತರುತ್ತಾರಂತೆ, ಅದರೊಳಗೆ ಮಡಿಸಿಡುವುದೂ ತಮ್ಮ ಕಣ್ಣೆದುರಿಗೇ ಆಗಬೇಕು. "ಹಿಂದೆ ಒಬ್ಬಳಿದ್ದಳಲ್ಲ ನಿಮ್ಮಲ್ಲಿ, ನನ್ನ ಬಟ್ಟೆ ಸುಟ್ಟೋಳು. ಅಂಥವರ ಕೈಗೆ ಮತ್ತೆ ಕೊಟ್ಟು ಮನೇಲಿ ಕೂರೋಕೆ ನಂಗೇನು ಹುಚ್ಚಾ?"

ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. ಬುಧವಾರ ಹನ್ನೊಂದು ಗಂಟೆಗೆ ಬನ್ನಿ ಎಂದರು.

ಆ ಒಬ್ಬಳು ಇಸ್ತ್ರಿ ಅಕ್ಕ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಹತ್ತೊಂಬತ್ತು ವರ್ಷ ನಮ್ಮಲ್ಲಿ ಇಸ್ತ್ರಿ ಮಾಡಿದ್ದಳು. ನನ್ನ ಊಟದ ಡಬ್ಬಿಯನ್ನು ನಾನು ಕೇಳದೆಯೇ ಬಾಯ್ಲರಿನ ಪೈಪಿನ ಮೇಲಿಟ್ಟು ಬಿಸಿ ಮಾಡಿಡುತ್ತಿದ್ದಳು. ತಾನು ಮಾತ್ರ ತಣ್ಣಗಿದ್ದುದನ್ನೇ ತಿನ್ನುವವಳು, ಬಿಸಿಯ ಹತ್ತಿರವೇ ಇರುತ್ತೇನಲ್ಲ ಎನ್ನುವಳು. ಈ ಸೋಮವಾರಕ್ಕೆ ಏಳು ವರ್ಷ ಮೊದಲು ನಾನು ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ನಾಲ್ಕು ದಿನ ರಜೆ ಹಾಕಿದ್ದೆ. ಆಗ ಗೌನಮ್ಮನ ಕೆನೆ ಬಣ್ಣದ ಗೌನೊಂದು ಬಂತು. ಏನಾದರೂ ಚೆಲ್ಲಿತ್ತೇ ಎಂದು ಇಸ್ತ್ರಿ ಅಕ್ಕ ಬಾಯಲ್ಲಿ ಕೇಳಿದ್ದಳು, ಅವಳತ್ತ ನೋಡದೆಯೇ ಇಲ್ಲ ಎಂದರಂತೆ. ಅವಳು ಇಸ್ತ್ರಿ ಇಟ್ಟಲ್ಲಿ ಅಂಗೈಯಗಲ ಕಂದು ಬಣ್ಣ ಎದ್ದುಬಂತು.

ಸಿಹಿ ಪಾನೀಯದ ಗುಣವೇ ಅದು. ಬಿದ್ದಾಗ ಒರೆಸಿದರೆ ಒಣಗಿ ಮಾಯವಾಗುತ್ತದೆ, ಹೋಯಿತು ಎಂದುಕೊಳ್ಳುತ್ತೇವೆ. ಸಕ್ಕರೆ ಎಳೆಯೊಳಗೇ ಕೂತಿರುತ್ತದೆ. ನಮ್ಮ ಯಂತ್ರದ ದ್ರಾವಣಕ್ಕೆ ಅದು ಕರಗುವುದಿಲ್ಲ, ನೀರಿಗೆ ಮಾತ್ರ ಕರಗುತ್ತದೆ. ಬಿಸಿ ತಾಗಿದರೆ ಬಾಣಲೆಯಲ್ಲಿಟ್ಟ ಸಕ್ಕರೆಯ ಹಾಗೆಯೇ ಕಂದಾಗುತ್ತದೆ. ಇದು ನನಗೆ ಗೊತ್ತಿತ್ತು, ಆದರೆ ನಾನಲ್ಲಿರಲಿಲ್ಲ. ಗೌನಮ್ಮ ಕೌಂಟರಿನ ಮುಂದೆ ನಿಂತು, ಇಸ್ತ್ರಿ ಪೆಟ್ಟಿಗೆ ಕೊಳಕಾಗಿತ್ತು, ಹೆಂಗಸಿಗೆ ಕೆಲಸ ಬರುವುದಿಲ್ಲ ಎಂದು ಹತ್ತು ಜನ ಗಿರಾಕಿಗಳೆದುರು ಕೂಗಾಡಿದರಂತೆ. ನಾನು ಕಣ್ಣಿನ ಪಟ್ಟಿ ಬಿಚ್ಚಿಕೊಂಡು ಬರುವಷ್ಟರಲ್ಲಿ ಇಸ್ತ್ರಿ ಅಕ್ಕನನ್ನು ಕಳಿಸಿಯಾಗಿತ್ತು. ಇದು ಸಕ್ಕರೆ ಎಂದು ನಾನು ಎಷ್ಟು ಹೇಳಿದರೂ, ಗಿರಾಕಿ ಇಲ್ಲ ಅಂತಾರಲ್ಲ ಎಂಬುದೇ ಯಜಮಾನರ ಉತ್ತರ. 'ಸುಟ್ಟವಳು' ಎಂಬ ಹೆಸರು ಅವಳಿಗಿಂತ ಮೊದಲೇ ಬೇರೆ ಅಂಗಡಿಗಳ ಬಾಗಿಲಿಗೆ ಹೋಗಿ ನಿಂತಿತ್ತು. ಮತ್ತೆ ಯಾರೂ ಅವಳ ಕೈಗೆ ಒಳ್ಳೆಯ ಬಟ್ಟೆ ಕೊಡಲಿಲ್ಲ.

ಆ ಪ್ರಶ್ನೆ ಚೀಟಿಯಲ್ಲಿ ಅಚ್ಚಾದದ್ದು ಆಮೇಲೆ, ನನ್ನ ಹಟದಿಂದ.

ಸೋಮವಾರ ಮಧ್ಯಾಹ್ನ ಮೂರೂ ಗೌನುಗಳನ್ನು, ಕಣ್ಣಿಗೆ ಕಾಣದ ಕಲೆಯನ್ನು ತೋರಿಸುವ ನೇರಳೆ ದೀಪದ ಕೆಳಗೆ ಹಿಡಿದೆ. ಮಖಮಲ್ಲು ಶುದ್ಧ. ನೀಲಿಯದರ ಕಂಕುಳಲ್ಲಿ ಬೆವರು, ಅಷ್ಟೇ. ದಂತದ ಬಣ್ಣದ್ದರ ಸೊಂಟದ ಎಡಕ್ಕೆ, ಹೊಲಿಗೆಯಿಂದ ನಾಲ್ಕು ಬೆರಳು ಕೆಳಗೆ, ಬಳೆಯಷ್ಟಗಲದ ಮಂಕು ಉಂಗುರವೊಂದು ಕಂಡಿತು. ಸಾದಾ ಬೆಳಕಿಗೆ ತಂದರೆ ಏನೂ ಇಲ್ಲ. ಮತ್ತೆ ದೀಪಕ್ಕೆ ಹಿಡಿದೆ. ಇತ್ತು.

ಕಾಲು ಗಂಟೆಯ ಕೆಲಸ. ಹತ್ತಿಗೆ ನೀರು ತಗುಲಿಸಿ, ಅಂಚಿನಿಂದ ನಡುವಿಗೆ ಒತ್ತಿ ಒತ್ತಿ ತೆಗೆದು, ತಂಗಾಳಿಗೆ ಒಣಗಿಸಿದರೆ ಮುಗಿಯಿತು. ಮೂವತ್ತೊಂದು ವರ್ಷದಲ್ಲಿ ಸಾವಿರಾರು ಬಾರಿ ಮಾಡಿದ್ದೇನೆ. ಹತ್ತಿಯನ್ನು ಕೈಗೆತ್ತಿಕೊಂಡೂ ಇದ್ದೆ. ಚೀಟಿಯನ್ನು ತಿರುಗಿಸಿ ನೋಡಿದೆ. ಇಲ್ಲ ಎಂಬಲ್ಲಿ ಗುರುತು, ಕೆಳಗೆ ಬಾಲ ಎಳೆದ ಸಹಿ. ಹತ್ತಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದೆ.

ಗೌನನ್ನು ಹಾಗೆಯೇ ಯಂತ್ರಕ್ಕೆ ಕೊಟ್ಟೆ. ಒಣಗಿಸುವಾಗ ಮಾತ್ರ ಬಿಸಿಗಾಳಿ ಬೇಡವೆಂದು ಹೊರತೆಗೆಸಿ ಕಿಟಕಿಯ ಬಳಿ ನೇತುಹಾಕಿದೆ. ಬಿಸಿಗಾಳಿ ತಾಗಿದರೆ ಕಲೆ ಮೊದಲೇ ಹಳದಿಯಾಗಿ, ಗುಟ್ಟು ಹೊತ್ತಿಗೆ ಮುಂಚೆ ಬಯಲಾದೀತು. ಅದು ಬಯಲಾಗಬೇಕಾದದ್ದು ಬುಧವಾರ ಹನ್ನೊಂದಕ್ಕೆ, ಗೌನಮ್ಮನ ಕಣ್ಣೆದುರಿಗೆ, ಅವರದೇ ಸಹಿಯ ಪಕ್ಕದಲ್ಲಿ. ಅಷ್ಟು ಜೋಪಾನವಾಗಿ ನಾನು ಯಾವ ಬಟ್ಟೆಯನ್ನೂ ನೋಡಿಕೊಂಡಿರಲಿಲ್ಲ.

ಇಸ್ತ್ರಿಗೆ ಯಾರು ಎಂಬುದೇ ಉಳಿದಿತ್ತು. ಈಗಿರುವ ಇಸ್ತ್ರಿಯವನು ಅಂಗಿ ಪ್ಯಾಂಟಿಗೆ ಗಟ್ಟಿಗ. ಗೌನು ಕಂಡರೆ ಮದುಮಗಳ ಕೋಣೆಗೆ ನುಗ್ಗಿದವನ ಹಾಗೆ ಬೆವರುತ್ತಾನೆ. ನಾನು ಯಜಮಾನರ ಬಳಿ ಹೋಗಿ, ಒಂದು ದಿನದ ಮಟ್ಟಿಗೆ ಇಸ್ತ್ರಿ ಅಕ್ಕನನ್ನು ಕರೆಸಿ ಎಂದೆ. ಗೌನಮ್ಮ ಗುರುತು ಹಿಡಿದರೆ ಗತಿಯೇನು ಎಂದರು ಅವರು. ಅವರು ಆವತ್ತು ಕೂಗಾಡಿದ್ದು ನಿಮ್ಮ ಮುಖ ನೋಡಿಕೊಂಡು, ಅವಳ ಮುಖ ನೋಡಿಯೇ ಇಲ್ಲ ಎಂದೆ. ಯಜಮಾನರು ಕೆಟ್ಟವರಲ್ಲ, ಅಂಜುಬುರುಕರು. ಅವಳನ್ನು ಕಳಿಸಿದ ಮೇಲೂ ಒಂದು ವರ್ಷ ಅವಳ ಏಪ್ರನ್ನನ್ನು ಮೊಳೆಯಿಂದ ತೆಗೆಸಿರಲಿಲ್ಲ. ಕೊನೆಗೆ, ಕರೀರಿ ಎಂದರು.

ಸಂಜೆ ಅವಳ ಮನೆಗೆ ಹೋದೆ. ಒಂದೇ ಕೋಣೆ. ಕಿಟಕಿಯ ಪಕ್ಕ ಮೇಜು, ಮೇಜಿನ ಮೇಲೆ ಆಸ್ಪತ್ರೆಯ ಬಿಳಿ ಕೋಟುಗಳ ರಾಶಿ. ಇದ್ದ ಒಂದೇ ಕುರ್ಚಿಯನ್ನು ನನಗೆ ಕೊಟ್ಟು, ಸೀಟು ಗಟ್ಟಿಯಾಗಿದೆ ಎಂದು ಕಂಬಳಿ ಮಡಿಸಿ ಹಾಕಿ, ತಾನು ರಾಶಿಗೆ ಒರಗಿ ನಿಂತಳು. ಯಾರ ಗೌನು ಎಂಬುದನ್ನು ಹೇಳಿದೆ. ಕೈಯಲ್ಲಿದ್ದ ಕೋಟಿನ ಕಾಲರನ್ನು ಬೆರಳಲ್ಲಿ ತೀಡಿ ತೀಡಿ ನೇರ ಮಾಡಿದಳು.

"ನಾನು ಅಂತ ಆಕೆಗೆ ಗೊತ್ತಾ?"

ಇಲ್ಲ ಎಂದೆ.

"ಬರ್ತೀನಿ ಕಣೇ. ಆಕೆ ನೋಡ್ತಿರಬೇಕು, ನಾನು ಒತ್ತಬೇಕು. ಒಂದು ಗೆರೆ ಬೀಳಬಾರದು. ಆಮೇಲೆ ಹೇಳ್ತೀನಿ, ಆವತ್ತಿನೋಳು ನಾನೇ ಅಂತ."

ಅವಳ ಸೇಡು ಅಷ್ಟೇ. ಒಂದು ಗೌನನ್ನು ಸರಿಯಾಗಿ ಒತ್ತಿ ತೋರಿಸುವುದು. ಆಗಲೇ ನಾನು ಬಾಯಿ ಬಿಡಬೇಕಿತ್ತು. ಅವಳ ಕೈಕೆಳಗೆ ಅದೇ ಕಂದು ಬಣ್ಣ ಇನ್ನೊಮ್ಮೆ ಏಳುವಂತೆ ಹೂಡಿದ್ದೇನೆ ಎನ್ನಬೇಕಿತ್ತು. ನನ್ನ ಲೆಕ್ಕ ಬೇರೆಯಿತ್ತು. ಸರಿಯಾಗಿ ಒತ್ತಿದ ಗೌನಿನಿಂದ ಏನು ಸಾಬೀತಾಗುತ್ತದೆ? ಈಗ ಕಲಿತುಕೊಂಡಿದ್ದಾಳೆ ಎನ್ನುತ್ತಾರೆ, ಅಷ್ಟೇ. ಕಲೆ ಎದ್ದರೆ ಚೀಟಿ ಇದೆ, ಸಹಿ ಇದೆ, ಯಜಮಾನರಿಗೆ ಅದು ಸಕ್ಕರೆ ಎಂದು ತೋರಿಸಲು ನಾನಿದ್ದೇನೆ. ಗೌನಮ್ಮನ ಸುಳ್ಳು ಬಟ್ಟೆಯ ಮೇಲೇ ಎದ್ದು ನಿಲ್ಲುತ್ತದೆ, ಹಡಗು ಹೊರಡಲು ಎರಡೇ ದಿನ ಇರುವಾಗ. ಇಸ್ತ್ರಿ ಅಕ್ಕನಿಗೆ ಒಂದು ಗಳಿಗೆ ಎದೆ ಒಡೆಯಬಹುದು, ಆಮೇಲೆ ಜನ್ಮವಿಡೀ ತಲೆಯೆತ್ತಿ ನಡೆಯಬಹುದು. ಹೀಗೆಲ್ಲ ಸಮಾಧಾನ ಹೇಳಿಕೊಂಡು ಅವಳು ಕೊಟ್ಟ ಚಹಾ ಕುಡಿದೆ. ಒಳ್ಳೆಯ ಲೋಟವನ್ನು ನನಗೆ ಕೊಟ್ಟು, ಅಂಚು ಒಡೆದದ್ದನ್ನು ತಾನು ಇಟ್ಟುಕೊಂಡಿದ್ದಳು.

ಬುಧವಾರ ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಗೌನಮ್ಮ ಬಂದರು. ಸೂಟ್‌ಕೇಸು ಸೊಸೆಯ ಕೈಯಲ್ಲಿ. ಯಜಮಾನರು ಇಸ್ತ್ರಿ ಮೇಜಿನ ಪಕ್ಕ ಕುರ್ಚಿ ಹಾಕಿಸಿದ್ದರು. ಗೌನಮ್ಮ ಕೂತು, ಇಸ್ತ್ರಿ ಅಕ್ಕನನ್ನು ಏಪ್ರನ್ನಿನಿಂದ ಚಪ್ಪಲಿಯವರೆಗೆ ನೋಡಿ, ಹೊಸಬಳಾ ಎಂದು ಯಜಮಾನರನ್ನು ಕೇಳಿದರು. ಯಜಮಾನರು ಕೆಮ್ಮಿದರು. ಅನುಭವಸ್ಥಳು ಎಂದೆ ನಾನು.

"ಸದ್ಯ. ಹಳಬಳು ನನ್ನ ಬಟ್ಟೆ ಮೇಲೆ ಹೋಳಿಗೆ ಬೇಯಿಸಿದ್ದಳು."

ಆ ಮಾತಿಗೆ ತಾವೇ ನಕ್ಕರು. ಇಸ್ತ್ರಿ ಅಕ್ಕ ತಲೆ ತಗ್ಗಿಸಿ ಮಖಮಲ್ಲನ್ನು ಮೇಜಿನ ಮೇಲೆ ಮಲಗಿಸಿದಳು. ಮಖಮಲ್ಲಿಗೆ ಇಸ್ತ್ರಿ ತಾಗಿಸುವಂತಿಲ್ಲ. ಒಳಗಿನಿಂದ ಆವಿ ಬಿಟ್ಟು, ಹೊರಗೆ ಕೈಯಿಂದ ಎಬ್ಬಿಸಬೇಕು. ಅವಳು ಬೆಕ್ಕಿನ ಬೆನ್ನು ಸವರುವ ಹಾಗೆ ಸವರಿ ಮುಗಿಸಿದಳು. ನೀಲಿಯದನ್ನು ಒಳಹೊರಗು ಮಾಡಿ, ಮಣಿಗಳಿಗೆ ಮೆತ್ತನೆಯ ಟವೆಲು ಹಾಸಿ, ಲೈನಿಂಗಿನ ಮೇಲಷ್ಟೇ ಒತ್ತಿದಳು. ಸೊಸೆ ಹತ್ತಿರ ಬಂದು, ಹಡಗಿನಲ್ಲಿ ಸುಕ್ಕಾದರೆ ಏನು ಮಾಡುವುದು ಎಂದು ಮೆಲ್ಲಗೆ ಕೇಳಿದಳು. ಸ್ನಾನದ ಮನೆಯಲ್ಲಿ ಬಿಸಿನೀರು ಬಿಟ್ಟು, ಆವಿಯಲ್ಲಿ ಹತ್ತು ನಿಮಿಷ ತೂಗುಹಾಕಮ್ಮ, ಇಸ್ತ್ರಿಯೇ ಬೇಡ ಎಂದಳು ಇಸ್ತ್ರಿ ಅಕ್ಕ. ಸೊಸೆ ಅವಳ ಹಣೆಯ ಬೆವರು ನೋಡಿ ಫ್ಯಾನನ್ನು ಆ ಕಡೆಗೆ ತಿರುಗಿಸಿದಳು. ನಂಗೆ ಗಾಳಿ ಬರ್ತಿಲ್ಲ ಎಂದರು ಗೌನಮ್ಮ. ಸೊಸೆ ಫ್ಯಾನನ್ನು ಇಬ್ಬರಿಗೂ ಸಿಗುವ ಹಾಗೆ ನಡುವೆ ನಿಲ್ಲಿಸಿದಳು.

ಆಮೇಲೆ ದಂತದ ಬಣ್ಣದ್ದು ಬಂತು.

ಇಸ್ತ್ರಿ ಅಕ್ಕ ಪೆಟ್ಟಿಗೆಯನ್ನು ಒಂದು ಬಿಳಿ ಬಟ್ಟೆಯ ಮೇಲೆ ಎಳೆದು, ಅದು ಶುದ್ಧವಾಗಿದೆ ಎಂದು ಎಲ್ಲರಿಗೂ ತೋರಿಸಿದಳು. ಗೌನನ್ನು ಹರಡಿದಳು. ಒತ್ತುವ ಮೊದಲು ಬಟ್ಟೆಯ ಮೇಲೆ ಅಂಗೈ ಆಡಿಸಿ ನೋಡುವುದು ಅವಳ ಅಭ್ಯಾಸ. ಭುಜ, ಎದೆ, ಸೊಂಟ. ಸೊಂಟದ ಎಡಗಡೆಗೆ ಬಂದಾಗ ಕೈ ನಿಂತಿತು. ಹೆಬ್ಬೆರಳು ತೋರುಬೆರಳ ನಡುವೆ ಬಟ್ಟೆಯನ್ನು ಹಿಡಿದು ಉಜ್ಜಿದಳು. ನನ್ನ ದೀಪ ಕಂಡದ್ದನ್ನು ಅವಳ ಬೆರಳು ಕಂಡುಬಿಟ್ಟಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡೆ.

"ಅಮ್ಮ, ಇಲ್ಲಿ ಸ್ವಲ್ಪ ಬಿರುಸಾಗಿದೆ. ಏನಾದ್ರೂ ಬಿದ್ದಿತ್ತಾ? ಬಿದ್ದಿದ್ರೆ ಹೇಳಿ, ಈಗಲೇ ತೆಗೀಬಹುದು. ಏನೂ ತೊಂದರೆಯಿಲ್ಲ."

ಎಷ್ಟು ಮೃದುವಾಗಿ ಕೇಳಿದಳೆಂದರೆ, ಆ ಮೃದುತನಕ್ಕೆ ನನಗೆ ಅವಳ ಮೇಲೆಯೇ ಸಿಟ್ಟು ಬಂತು. ಹೆಂಗಸಿಗೆ ಪಾರಾಗುವ ಬಾಗಿಲನ್ನು ತಾನಾಗಿ ತೆರೆದು ಹಿಡಿದಿದ್ದಳು. ಗೌನಮ್ಮ ಒಂದು ಹೌದು ಎಂದಿದ್ದರೆ ನನ್ನ ಏಳು ವರ್ಷ ನೀರಿನಲ್ಲಿ ಹೋಮವಾಗುತ್ತಿತ್ತು.

"ಎಷ್ಟು ಸಲ ಹೇಳ್ಬೇಕು? ಏನೂ ಚೆಲ್ಲಿಲ್ಲ. ಸಹಿ ಹಾಕಿದೀನಲ್ಲ."

ಇಸ್ತ್ರಿ ಅಕ್ಕ ನನ್ನ ಕಡೆ ತಿರುಗಿದಳು. "ದೀಪಕ್ಕೆ ಹಿಡಿದಿದ್ಯಲ್ಲ, ನಿಂಗೇನಾದ್ರೂ ಕಂಡಿತ್ತಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಏನೂ ಕಾಣ್ಲಿಲ್ಲ" ಎಂದೆ.

ಅವಳು ನನ್ನ ಮುಖವನ್ನು ನೋಡಿದಳು. ಹತ್ತೊಂಬತ್ತು ವರ್ಷ ಒಂದೇ ಪೈಪಿನ ಕೆಳಗೆ ಕೂತು ಉಂಡವಳು. ನನ್ನ ಸುಳ್ಳು ಅವಳಿಗೆ ತಿಳಿಯಲು ದೀಪ ಬೇಕಿರಲಿಲ್ಲ. ಅವಳ ಕಣ್ಣಲ್ಲಿ ಏನೋ ಮುಚ್ಚಿಕೊಂಡಿತು. ಪೆಟ್ಟಿಗೆಯನ್ನು ಎತ್ತಿದಳು. ಒತ್ತುತ್ತಾಳೆ ಎಂದುಕೊಂಡೆ. ಅವಳು ಅದರ ಹಿಡಿಯನ್ನು ಗೌನಮ್ಮನ ಕಡೆಗೆ ತಿರುಗಿಸಿದಳು.

"ಹಾಗಿದ್ರೆ ನೀವೇ ಒತ್ತಿ ಅಮ್ಮ. ಏನೂ ಚೆಲ್ಲಿಲ್ಲ ಅಂದ್ರೆ ಏನೂ ಆಗಲ್ಲ. ನಾನು ಒತ್ತಿ ಏನಾದ್ರೂ ಆದ್ರೆ ಇಸ್ತ್ರಿ ಸರಿಯಿಲ್ಲ ಅಂತೀರಿ."

ಗೌನಮ್ಮ ಯಜಮಾನರತ್ತ ನೋಡಿದರು. ಯಜಮಾನರು ಏನೋ ಹೇಳಲು ಬಾಯಿ ತೆರೆದು, ಇಸ್ತ್ರಿ ಅಕ್ಕನನ್ನು ನೋಡಿ ಮುಚ್ಚಿದರು. ಇದೇನು ಅಂಗಡಿಯೋ ಆಟದ ಮೈದಾನವೋ ಎಂದರು ಗೌನಮ್ಮ. ಎದ್ದು ಬಂದು ಪೆಟ್ಟಿಗೆಯನ್ನು ಕಿತ್ತುಕೊಂಡ ಹಾಗೆ ತೆಗೆದುಕೊಂಡರು. ಕೊಬ್ಬಿಗೇನೂ ಕಡಿಮೆಯಿರಲಿಲ್ಲ. ಬಟ್ಟೆಯಿಂದ ಒಂದು ಗೇಣು ಮೇಲೆ ಪೆಟ್ಟಿಗೆ ಬುಸುಗುಡುತ್ತಾ ನಿಂತಿತು. ಇಡು, ಇಟ್ಟುಬಿಡು ಎಂದು ನಾನು ಮನಸ್ಸಿನಲ್ಲೇ ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದೆ. ನನ್ನ ಜೀವಮಾನದಲ್ಲಿ ಒಂದು ಒಳ್ಳೆಯ ಬಟ್ಟೆ ಹಾಳಾಗಲಿ ಎಂದು ಹಾರೈಸಿದ್ದು ಅದೊಂದೇ ಸಲ.

ಗೇಣು ಅರ್ಧ ಗೇಣಾಯಿತು. ಅಲ್ಲಿಂದ ಕೆಳಗಿಳಿಯಲಿಲ್ಲ. ಪರದೆಯ ಸಂದಿಯಲ್ಲಿ ಅಂಗಿಯ ಇಸ್ತ್ರಿಯವನ ಮುಖ ಕಂಡಿತು, ಕೌಂಟರಿನಲ್ಲಿದ್ದ ಇಬ್ಬರು ಗಿರಾಕಿಗಳೂ ಕತ್ತು ಚಾಚಿದ್ದರು. ಗೌನಮ್ಮ ಪೆಟ್ಟಿಗೆಯನ್ನು ಸ್ಟ್ಯಾಂಡಿನ ಮೇಲಿಟ್ಟರು.

"ಒಂಚೂರು ಸಿಹಿ ಸೋಡಾ ಬಿದ್ದಿತ್ತು. ಬಣ್ಣ ಇಲ್ಲದ್ದು. ಒಣಗೇ ಹೋಯ್ತು. ಅದೂ ಒಂದು ಚೆಲ್ಲೋದಾ?"

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ನನಗೆ ಮೊದಲು ಆದದ್ದು ನಿರಾಸೆ. ಗೌನು ಉಳಿದುಬಿಟ್ಟಿತಲ್ಲ ಎಂದು. ಯಜಮಾನರಿಗೆ ಮಾತ್ರ ಎಲ್ಲಿಂದಲೋ ದನಿ ಬಂದಿತ್ತು. ಹಾಗಾದರೆ ಏಳು ವರ್ಷದ ಹಿಂದಿನದು, ಕೆನೆ ಬಣ್ಣದ್ದು, ಅದರ ಮೇಲೂ ಹೀಗೆಯೇ ಬಿದ್ದಿತ್ತೇ ಎಂದು ಕೇಳಿದರು. ಗೌನಮ್ಮ ಸರ್ರನೆ ತಿರುಗಿದರು. ಅದು ಬೇರೆ, ಅದನ್ನು ಆ ಹೆಂಗಸೇ ಸುಟ್ಟಿದ್ದು, ಕೊಳಕು ಇಸ್ತ್ರಿ ಇಟ್ಟು ಸುಟ್ಟಿದ್ದು ಎಂದರು.

"ಅತ್ತೆ, ಆವತ್ತೂ ಚೆಲ್ಲಿತ್ತು."

ಸೊಸೆಯ ದನಿ. ಅವಳು ಸೂಟ್‌ಕೇಸಿನ ಮುಂದೆ ಮಂಡಿಯೂರಿ ಟಿಶ್ಯೂ ಕಾಗದದ ಹಾಳೆಗಳನ್ನು ಬಿಡಿಸುತ್ತಿದ್ದಳು, ತಲೆಯೆತ್ತಲಿಲ್ಲ.

"ನನ್ನ ಮದುವೆ ಊಟದಲ್ಲಿ. ಬಿಳಿ ದ್ರಾಕ್ಷಿ ರಸ. ಒರೆಸ್ಕೊಳ್ಳೋಕೆ ನ್ಯಾಪ್‌ಕಿನ್ ಕೊಟ್ಟೋಳು ನಾನೇ."

"ನೀನು ಬಾಯಿ ಮುಚ್ಕೊಂಡಿರು."

"ಏಳು ವರ್ಷ ಮುಚ್ಕೊಂಡೇ ಇದ್ದೆ ಅತ್ತೆ."

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಆ ಕಾಲ ನಮ್ಮ ಇಸ್ತ್ರಿ ಕೋಣೆಯಲ್ಲಿ ಬರುತ್ತದೆಂದು ನಾನೆಣಿಸಿರಲಿಲ್ಲ. ಇಸ್ತ್ರಿ ಅಕ್ಕ ಏಪ್ರನ್ನಿಗೆ ಕೈ ಒರೆಸಿಕೊಂಡು ಗೌನಮ್ಮನ ಎದುರಿಗೆ ಬಂದು ನಿಂತಳು.

"ಆ ಹೆಂಗಸು ನಾನೇ ಅಮ್ಮ."

ಗೌನಮ್ಮ ಆಗ ಅವಳ ಮುಖ ನೋಡಿದರು. ಮೊದಲ ಸಲ ನೋಡಿದರು. ಮುಖದ ಬಣ್ಣ ಏರಿತು, ಇಳಿಯಿತು. ಕ್ಷಮೆಯನ್ನೇನೂ ಕೇಳಲಿಲ್ಲ. ಕೇಳುವ ಜಾತಿಯಲ್ಲ ಅದು. ಕುರ್ಚಿಗೆ ಹಿಂದಕ್ಕೆ ಕೈಚಾಚಿ, ಅದು ಸಿಗದೆ, ಒಂದು ಗಳಿಗೆ ಗಾಳಿಯಲ್ಲೇ ತಡಕಾಡಿದರು. ಆ ತಡಕಾಟವನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ಕುರ್ಚಿ ನನ್ನ ಪಕ್ಕದಲ್ಲೇ ಇತ್ತು, ಕಾಲಿಂದ ತಳ್ಳಿದರೆ ಸಾಕಿತ್ತು. ತಳ್ಳಲಿಲ್ಲ. ಸೊಸೆ ಎದ್ದು ಬಂದು ತಳ್ಳಿದಳು.

ಇಸ್ತ್ರಿ ಅಕ್ಕ ಗೌನನ್ನು ತೆಗೆದು ನನ್ನ ಕೈಗೆ ಕೊಟ್ಟಳು. ನೀರು ಹಾಕಿ ತೆಗೆದುಕೊಂಡು ಬಾ ಎಂದಳು. ಅಷ್ಟೇ.

ಹಿಂದಿನ ಕೋಣೆಗೆ ಹೋಗಿ ಕಾಲು ಗಂಟೆಯ ಕೆಲಸಕ್ಕೆ ಒಂದೂಕಾಲು ಗಂಟೆ ತೆಗೆದುಕೊಂಡೆ. ಬೇಕೆಂದೇ. ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿದೆ. ಬಾಟಲಿಗಳ ಧೂಳು ಒರೆಸಿದೆ. ಮುಂದೆ ಗೌನಮ್ಮ ಗಂಟೆ ಎಷ್ಟಾಯ್ತು ಎಂದು ಗೊಣಗುವುದು, ನೆಲಕ್ಕೆ ಕಾಲು ಕುಟ್ಟುವುದು, ಬಂದುಹೋಗುವ ಗಿರಾಕಿಗಳಿಗೆಲ್ಲ ಅಂಗಿಯ ಇಸ್ತ್ರಿಯವನು ಕಥೆಯನ್ನು ಉಪ್ಪು ಖಾರ ಹಚ್ಚಿ ಹೇಳುವುದು ಪರದೆಯಾಚೆಯಿಂದ ಕೇಳುತ್ತಿತ್ತು. ಪ್ರತಿ ಸಲ ಕಥೆ ಸ್ವಲ್ಪ ಬೆಳೆಯುತ್ತಿತ್ತು. ನಾಲ್ಕನೆಯ ಸಲಕ್ಕೆ ಗೌನಮ್ಮ ಅತ್ತಿದ್ದರು.

ನಡುವೆ ಇಸ್ತ್ರಿ ಅಕ್ಕ ಒಳಗೆ ಬಂದಳು. ಬಾಗಿಲಲ್ಲೇ ನಿಂತಳು.

"ಸೋಮವಾರವೇ ಕಂಡಿತ್ತು, ಅಲ್ವಾ?"

ಹೌದು ಎಂದೆ.

"ನನ್ನ ಕೈಯಿಂದಾನೇ ಸುಡಿಸಬೇಕು ಅಂತಿದ್ದೆ."

ನಿನಗಾಗಿಯೇ ಮಾಡಿದ್ದು, ಆ ಹೆಂಗಸಿನ ಮಾನ ಎಲ್ಲರೆದುರು ಹೋಗಲಿ ಎಂದು ಮಾಡಿದ್ದು ಎಂದೆ. ಅವಳು ತಲೆಯಾಡಿಸಿದಳು, ಒಪ್ಪಿದ್ದಕ್ಕಲ್ಲ, ಕೇಳಿಸಿಕೊಂಡಿದ್ದಕ್ಕೆ.

"ಆವತ್ತು ಆ ಬಣ್ಣ ಏಳ್ತಿರೋದನ್ನ ನೋಡಿದೀನಿ ನಾನು. ಇವತ್ತೂ ಎದ್ದಿದ್ರೆ, ನೀನು ಏನು ಹೇಳಿದ್ರೂ ನಂಗೆ ಕೇಳಿಸ್ತಿರ್ಲಿಲ್ಲ. ನನ್ನ ಕೈಯೇ ಸರಿಯಿಲ್ಲ ಅಂತ ಸಾಯೋವರೆಗೂ ಅಂದ್ಕೋತಿದ್ದೆ. ಒಂದು ಮಾತು ನನ್ನ ಕೇಳ್ಬಾರ್ದಿತ್ತಾ?"

ಅವಳು ಬಂದು, ನಾನು ಮುಗಿಸಿಟ್ಟಿದ್ದ ಗೌನನ್ನು ಎತ್ತಿಕೊಂಡು, ಸೊಂಟದ ಎಡಗಡೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ತೆಗೆದುಕೊಂಡು ಹೋದಳು. ಒಂದು ಗೆರೆ ಬೀಳದ ಹಾಗೆ ಒತ್ತಿದಳು. ತೋಳುಗಳೊಳಗೆ ಟಿಶ್ಯೂ ತುಂಬಿಸಿ, ಮಡಿಕೆಗೊಂದು ಸುರುಳಿ ಇಟ್ಟು, ಅದರೊಳಗೆ ಮೊದಲೇ ಇದ್ದ ಸೊಸೆಯ ಹಳೆಯ ಗೌನನ್ನೂ ಕೇಳಿ ತೆಗೆಸಿ ಒತ್ತಿ, ಅದನ್ನು ಎಲ್ಲಕ್ಕಿಂತ ಮೇಲೆ ಇಟ್ಟು ಸೂಟ್‌ಕೇಸು ಮುಚ್ಚಿದಳು. ಗೌನಮ್ಮ ಹೊರಗೆ ಕಾರಿನಲ್ಲಿ ಕೂತಿದ್ದರು. ಹಡಗಿನಲ್ಲಿ ಇಬ್ಬರಿಗೂ ಒಂದೇ ಕೋಣೆಯಂತೆ, ಹನ್ನೊಂದು ದಿನ. ಅದನ್ನು ಹೇಳಿ ಸೊಸೆ ನಕ್ಕಳು. ನಕ್ಕರೂ ಸೂಟ್‌ಕೇಸಿನ ಹಿಡಿಯ ಮೇಲೆ ಅವಳ ಬೆರಳುಗಳು ಬಿಳಿಚಿದ್ದವು.

ಯಜಮಾನರು ಎಲ್ಲ ಕೆಲಸಗಾರರನ್ನೂ ಕರೆದು ನಿಲ್ಲಿಸಿ, ತಪ್ಪು ನನ್ನದು, ಆವತ್ತು ಇವರನ್ನು ಕಳಿಸಬಾರದಿತ್ತು ಎಂದು ಇಸ್ತ್ರಿ ಅಕ್ಕನಿಗೆ ಕೈ ಮುಗಿದರು. ಆ ವಾರವೇ ಬೇರೆ ಎರಡು ಅಂಗಡಿಗಳಿಗೂ ತಾವೇ ಹೋಗಿ ಹೇಳಿಬಂದರು. ಅವಳು ಮುಂದಿನ ಸೋಮವಾರದಿಂದ ಕೆಲಸಕ್ಕೆ ಬಂದಳು.

ಬಂದು ಮೂರು ವರ್ಷವಾಯಿತು. ಗೌನಮ್ಮ ಮತ್ತೆ ಬಂದಿಲ್ಲ. ಕುರ್ಚಿಗಾಗಿ ತಡಕಾಡಿದ ಆ ಕ್ಷಣ ನೆನಪಾದರೆ ನನಗೆ ಇವತ್ತಿಗೂ ಹೊಟ್ಟೆ ತಣ್ಣಗಾಗುತ್ತದೆ. ಅದನ್ನು ಇನ್ನೊಮ್ಮೆ ನೋಡಲು ಸಿಗುವುದಾದರೆ ಇನ್ನೊಮ್ಮೆ ಸುಳ್ಳು ಹೇಳುವುದಿಲ್ಲವೆಂದು ಆಣೆ ಇಡಲಾರೆ. ಇಸ್ತ್ರಿ ಅಕ್ಕ ನನ್ನೊಡನೆ ನಗುತ್ತಾ ಮಾತಾಡುತ್ತಾಳೆ, ನನಗೆ ನೆಗಡಿಯಾದರೆ ಔಷಧ ತರುತ್ತಾಳೆ. ಆದರೆ ನನ್ನ ಮೇಜಿನಿಂದ ಅವಳ ಮೇಜಿಗೆ ಹೋಗುವ ಪ್ರತಿ ಬಟ್ಟೆಯನ್ನೂ, ನಾನು ನೋಡಿ ಗುರುತು ಹಾಕಿ ಕೊಟ್ಟದ್ದನ್ನೂ, ಅವಳು ಕಿಟಕಿಯ ಬೆಳಕಿಗೆ ಒಯ್ದು ಅಂಗುಲ ಅಂಗುಲ ಬೆರಳಾಡಿಸಿ ನೋಡುತ್ತಾಳೆ. ಮೊದಲು ಹಾಗಿರಲಿಲ್ಲ. ನಾನು ಕೊಟ್ಟದ್ದು ಎಂದರೆ ಒಮ್ಮೆ ಸವರಿ ಸೀದಾ ಪೆಟ್ಟಿಗೆ ಎತ್ತುತ್ತಿದ್ದಳು. ಇವತ್ತು ಒಂದು ಸಾದಾ ಬಿಳಿ ಅಂಗಿಗೆ ಹತ್ತು ನಿಮಿಷ ಹಿಡಿಯಿತು. ನಾನು ಬಾಗಿಲಲ್ಲಿ ನಿಂತು, ಅವಳು ಸರಿ ಎನ್ನುವವರೆಗೆ ಕಾದೆ.